ಬಾಮೈದನ ಬೆಲ್ಲದ ಟೋಕನ್ನಿಗೆ ನಾನು ಕಾವಲು

ಈ ಜನ್ಮದಲ್ಲಿ ನನ್ನ ಒಪ್ಪಿಗೆಯನ್ನು ಯಾರೂ ಕೇಳಿದವರಲ್ಲ. ನಮ್ಮ ಮನೆಗೆ ಯಾವ ಬಣ್ಣವೆಂದು ನನಗೆ ತಿಳಿದದ್ದೂ ಬಳಿದ ಮೇಲೆಯೇ. ಹಾಗಾಗಿ ಕ್ಯಾತನಹಳ್ಳಿಯಲ್ಲಿ ಆಲೆಮನೆ ನಡೆಸುವ ಬಾಮೈದ ಮಂಜ ಬಂದು, "ಬಾವ, ನೀವು ಒಪ್ದೆ ಒಂದು ಕಾಸೂ ಅಲ್ಲಾಡಕ್ಕಿಲ್ಲ" ಎಂದಾಗ ನನಗೆ ಕಣ್ಣು ತುಂಬಿ ಬಂತು.

ಮಂಜ 'ಬೆಲ್ಲ ಟೋಕನ್' ಎಂಬ ಕ್ರಿಪ್ಟೋ ನಾಣ್ಯ ಬಿಡುವವನಿದ್ದ. ಅದು ಕಂಪ್ಯೂಟರಿನೊಳಗೇ ಇರುತ್ತದಂತೆ. ಮುಟ್ಟುವ ಹಾಗಿಲ್ಲ, ನೆಕ್ಕುವ ಹಾಗಂತೂ ಇಲ್ಲ. ಬಿಟ್ಟವನೇ ಜನರ ದುಡ್ಡು ಹೊತ್ತುಕೊಂಡು ಓಡಬಾರದೆಂದು ಒಬ್ಬ ಸ್ವತಂತ್ರ ಮೇಲ್ವಿಚಾರಕ ಬೇಕು. ಅವನು ಎಲ್ಲವನ್ನೂ ಪರಿಶೀಲಿಸಿ ಫೋನಿನಲ್ಲಿ ಒಪ್ಪಿಗೆ ಒತ್ತಿದರೇ ದುಡ್ಡು ಬಿಡುಗಡೆ. ಮಕ್ಕಳ ಜೊತೆ ಕೂತು ಎಸ್ಸೆಸ್ಸೆಲ್ಸಿ ಪಾಸು ಮಾಡಿದ ನನಗಿಂತ ಯೋಗ್ಯ ಇನ್ನ್ಯಾರು?

ಆದರೆ ಬಾವನಾದವನು ಸ್ವತಂತ್ರ ಹೇಗಾಗುತ್ತಾನೆಂದು ಜನ ಕೇಳಿದರೆ? ಟೋಕನ್ ಬಿಡುವ ತನಕ ಮಂಜನ ಜೊತೆ ಸಕಲ ಸಂಬಂಧವನ್ನೂ ಕಡಿದುಕೊಂಡಿದ್ದೇನೆಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಜಯಮ್ಮ ಮುದ್ದೆ ಕಟ್ಟುತ್ತಾ ಕೇಳಿಸಿಕೊಂಡಳು.

"ನಾನೂ ಅವ್ನ ಅಕ್ಕ ಅಲ್ವಾ?"

ನಿಯಮ ಅಂದರೆ ನಿಯಮ ಎಂದೆ.

"ಸರಿ ಬುಡಿ," ಎಂದು ನನ್ನ ಮುದ್ದೆಯನ್ನು ಎಮ್ಮೆಗೆ ಹಾಕಿದಳು.

ಅಂದಿನಿಂದ ಹೊಟ್ಟೆಗೆ ಬಸ್‌ಸ್ಟ್ಯಾಂಡಿನ ಇಡ್ಲಿ, ಮಲಗಲು ಜಗಲಿ. ಪರಿಶೀಲನೆಗೆಂದು ಮಂಜ ಕಳಿಸಿದ ಕಾಗದವನ್ನು ನಾನು ಬಿಚ್ಚಲೂ ಇಲ್ಲ. ಸಂಬಂಧ ಕಡಿದಿದೆಯಲ್ಲ!

ಟೋಕನ್ ಬಿಡುವ ದಿನ ಪಾಂಡವಪುರದ ಛತ್ರದಲ್ಲಿ ಜನ ಸೇರಿದ್ದರು. ಹಿಂದುಗಡೆ ಬಾಡಿನ ಸಾರು ಕುದಿಯುತ್ತಿತ್ತು. ಚಿನಕುರಳಿಯ ಹಿರಿಯರೊಬ್ಬರು ಮೇಲ್ವಿಚಾರಕ ಯಾರೆಂದು ವಿಚಾರಿಸಿದರು. ನಾನು ಎದ್ದು ನಿಂತು, ಇಡ್ಲಿ, ಜಗಲಿ, ಎಮ್ಮೆ ಸಮೇತ ನನ್ನ ಸ್ವಾತಂತ್ರ್ಯದ ಚರಿತ್ರೆಯನ್ನು ಸವಿಸ್ತಾರವಾಗಿ ನಿವೇದಿಸಿದೆ. ಚಪ್ಪಾಳೆ ಬರಲಿಲ್ಲ.

"ಕಟ್ಕಂಡೋಳೇ ಮುದ್ದೆ ಇಕ್ದೆ ಆಚೆ ಮನಗ್ಸವ್ಳೆ," ಎಂದರು ಹಿರಿಯರು. "ಇಂಥೋನ್ನ ನಂಬ್ಕಂಡು ನಾವು ದುಡ್ಡು ಹಾಕದಾ? ಮೊದ್ಲು ನಿನ್ನೆಂಡ್ರು ಒಪ್ಲಿ ಕಣಪ್ಪ."

ಸಭೆ ಹೌದೆಂದಿತು. ಜಯಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಹಿಡಿದು ವಿಷಯ ತಿಳಿಸಿದೆ. ಅವಳು ನನ್ನನ್ನು ಬಿಟ್ಟು ನೇರವಾಗಿ ತಮ್ಮನನ್ನೇ ಕೇಳಿದಳು.

"ಲೇ ಮಂಜ, ಆ ಟೋಕನ್ನಲ್ಲಿ ನಿಂಗೆ ಅಂತ ಎಷ್ಟು ಮಡಿಕಂಡಿದ್ದೀಯಲಾ?"

ಮಂಜ ಕತ್ತು ಕೆರೆದುಕೊಂಡ. "ಮುಕ್ಕಾಲು ಪಾಲು ಕಣಕ್ಕ. ಬಾವಂಗೆ ಕೊಟ್ಟಿರೋ ಕಾಗ್ದದಲ್ಲಿ ಮೊದಲ್ನೇ ಸಾಲೇ ಅದು."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಒಪ್ಪಿಗೆ ಒತ್ತಲೆಂದು ಎತ್ತಿದ್ದ ಬೆರಳಿನಿಂದ ನಾನು ಕಿವಿ ತುರಿಸಿಕೊಂಡೆ. ಟೋಕನ್ ಯಾರಿಗೂ ಬೇಡವಾಯಿತು. ಊಟ ಬೇಡವೆಂದವರು ಮಾತ್ರ ಒಬ್ಬರೂ ಇಲ್ಲ. ನಾನು ಬಾಗಿಲಲ್ಲಿ ನಿಂತು ಸ್ವತಂತ್ರವಾಗಿ ವಾಸನೆ ಕುಡಿದೆ.

ಮಂಜ ಆಲೆಮನೆಗೆ ಮರಳಿ ನೆಕ್ಕಬಹುದಾದ ಬೆಲ್ಲವನ್ನೇ ಮಾಡುತ್ತಿದ್ದಾನೆ. ಜಯಮ್ಮ ನನ್ನನ್ನು ಒಳಗೆ ಸೇರಿಸಿದಳು. ದೊಡ್ಡ ಮನಸ್ಸು ಮಾಡಿ ಒಂದು ಮೇಲ್ವಿಚಾರಣೆಯನ್ನೂ ವಹಿಸಿದ್ದಾಳೆ: ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳುವುದು.

ಒಂದೊಂದೇ ಅಕ್ಷರ ಹುಡುಕಿ ಇದನ್ನು ಟೈಪು ಮಾಡುವಷ್ಟರಲ್ಲಿ ಅದೂ ಉಕ್ಕಿತು.