ಐದು ಆಡು, ಒಂದು ಹಟ್ಟಿ

ಮಿಜಾರಿನ ಅಶ್ರಫ್ ತನ್ನಲ್ಲಿದ್ದ ಒಂದೇ ಒಂದು ಕಪ್ಪು ಆಡನ್ನು ಮಾರುತ್ತಾನೆಂದು ಕೇಳಿ, ತೋಡಾರಿನ ಗುರುವಪ್ಪ ಅದನ್ನು ಕೊಂಡು ತಂದದ್ದೇ ತಪ್ಪಾಯಿತು. ಗುರುವಪ್ಪನ ಹಟ್ಟಿಯಲ್ಲಿ ಮೊದಲೇ ನಾಲ್ಕು ಆಡುಗಳಿದ್ದವು. ಅವುಗಳಲ್ಲಿ ಹಿರಿಯಳಾದ ಬೊಳ್ಳಿಯೇ ಯಜಮಾನಿ. ಹೊಸಬಳು ಒಳಗೆ ಕಾಲಿಟ್ಟದ್ದೇ ತಡ, ಬೊಳ್ಳಿ ತಲೆ ತಗ್ಗಿಸಿ ಒಂದು ಕೊಟ್ಟಳು. ಕಪ್ಪು ಆಡು ಹೋದ ಬಾಗಿಲಲ್ಲೇ ಹೊರಗೆ ಬಂದು ಬಿತ್ತು.

“ಈ ಗಲಾಟೆ ನನಗೆ ಆಗುವುದಿಲ್ಲ,” ಎಂದಳು ಹೆಂಡತಿ ಸೇಸಮ್ಮ. “ಸಂಜೆಯೊಳಗೆ ಐದೂ ಒಂದೇ ಹಟ್ಟಿಯಲ್ಲಿ ಮಲಗಬೇಕು. ಇಲ್ಲದಿದ್ರೆ ಇದನ್ನು ಅಶ್ರಫನಿಗೆ ವಾಪಸ್ ಕೊಟ್ಟು ಬನ್ನಿ.”

ಗುರುವಪ್ಪನಿಗೆ ನಗು ಬಂತು. ಮೂವತ್ತು ವರ್ಷ ಮೂಡುಬಿದಿರೆ-ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅವನು. ಐವತ್ತು ಸೀಟಿನ ಬಸ್ಸಿಗೆ ನೂರು ಕಾಲೇಜು ಮಕ್ಕಳನ್ನು ತುಂಬಿಸಿದವನಿಗೆ ನಾಲ್ಕರ ನಡುವೆ ಐದನೆಯದನ್ನು ತೂರಿಸುವುದು ಯಾವ ಮಹಾ ವಿದ್ಯೆ?

“ಜನವನ್ನೇ ಹೊಂದಿಸಿದವ ನಾನು ಮಾರಾಯ್ತಿ,” ಎಂದು ಹಟ್ಟಿಗೆ ನುಗ್ಗಿ, “ಹಿಂದೆ ಹೋಗಿ, ಹಿಂದೆ ಜಾಗ ಉಂಟು,” ಎನ್ನುತ್ತಾ ಬೊಳ್ಳಿಯ ಬೆನ್ನಿಗೆ ಕೈ ಹಾಕಿದ. ಬಸ್ಸಿನಲ್ಲಿ ಯಾರೂ ಕಂಡಕ್ಟರನಿಗೆ ಗುದ್ದುತ್ತಿರಲಿಲ್ಲ. ಬೊಳ್ಳಿ ಗುದ್ದಿದಳು.

ಗದ್ದಲ ಕೇಳಿ ಆಚೆಮನೆಯ ಕಮಲಾವತಿ ಟೀಚರ್ ಬೇಲಿಯ ಬಳಿ ಬಂದರು. ನಿವೃತ್ತಿಯಾದ ಮೇಲೆ ಪಾಠ ಮಾಡಲು ಅವರಿಗೆ ಉಳಿದದ್ದು ನೆರೆಕರೆಯವರು ಮಾತ್ರ.

“ಆಡು ಗುರುತು ಹಿಡಿಯುವುದು ವಾಸನೆಯಿಂದ, ಗುರುವಪ್ಪನವರೇ. ಎಲ್ಲದಕ್ಕೂ ಒಂದೇ ವಾಸನೆ ಹಚ್ಚಿ. ಆಗ ಭೇದ ಇರುವುದಿಲ್ಲ.”

ಗುರುವಪ್ಪ ತನ್ನ ಸೊಂಟನೋವಿನ ಎಣ್ಣೆಯನ್ನು ಐದಕ್ಕೂ ಧಾರಾಳವಾಗಿ ಹಚ್ಚಿದ. ಐದೂ ಸೀನಿದವು. ಆಮೇಲೆ ಯಾರು ಯಾರೆಂದು ತಿಳಿಯದೆ ಎಲ್ಲವೂ ಎಲ್ಲವನ್ನೂ ಗುದ್ದತೊಡಗಿದವು. ಬೆಳಿಗ್ಗೆ ಒಂದೇ ಹೊಸ ಆಡು ಇದ್ದ ಹಟ್ಟಿಯಲ್ಲಿ ಮಧ್ಯಾಹ್ನಕ್ಕೆ ಐದು ಹೊಸ ಆಡುಗಳಾದವು. ಟೀಚರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಇದನ್ನೆಲ್ಲ ರಸ್ತೆಯಲ್ಲಿ ನಿಂತು ನೋಡುತ್ತಿದ್ದವಳು ಐಸಮ್ಮ. ಅವಳೂ ಆಡು ಸಾಕುವವಳೇ. “ಗುರುವಪ್ಪಣ್ಣ, ಹಟ್ಟಿ ಬೊಳ್ಳಿಯದ್ದು. ಅದರ ಜಾಗಕ್ಕೆ ಬಂದ್ರೆ ಅದು ಬಿಡ್ತದಾ? ಯಾರದ್ದೂ ಅಲ್ಲದ ಜಾಗಕ್ಕೆ ಐದನ್ನೂ ಕರ್ಕೊಂಡು ಹೋಗಿ. ಒಟ್ಟಿಗೆ ಮೇಯ್ಲಿ, ಒಟ್ಟಿಗೆ ನಡೀಲಿ. ದೋಸ್ತಿ ತನ್ನಿಂದ ತಾನೇ ಆಗ್ತದೆ.”

ಮಾತು ಗುರುವಪ್ಪನ ಮನಸ್ಸಿಗೆ ಹಿಡಿಸಿತು. ಸೀಟಿಗಾಗಿ ಜಗಳಾಡಿದವರು ಬಸ್ಸು ಕೆಟ್ಟು ನಿಂತಾಗ ಅಣ್ಣತಮ್ಮಂದಿರಾಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಕೂಡಲೇ ಐದನ್ನೂ ಹೊಡೆದುಕೊಂಡು ಮಿಜಾರಿನ ದಾರಿಯಲ್ಲಿದ್ದ ಖಾಲಿ ಸೈಟಿಗೆ ಹೋದ.

ಐಸಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಆಡುಗಳು ಸ್ವಲ್ಪ ಹೊತ್ತು ದೂರದೂರವೇ ಮೇಯ್ದವು. ಆಮೇಲೆ ಕಪ್ಪು ಆಡು ಹಿಂಗಾಲಿನಲ್ಲಿ ನಿಂತು ಹಲಸಿನ ಕೊಂಬೆಯೊಂದನ್ನು ಬಗ್ಗಿಸಿತು. ಬೊಳ್ಳಿ ಬಂದು ಅದೇ ಕೊಂಬೆಗೆ ಬಾಯಿ ಹಾಕಿದಳು, ಗುದ್ದಲಿಲ್ಲ. ಉಳಿದ ಮೂರೂ ಸೇರಿಕೊಂಡವು. ಗುರುವಪ್ಪನಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಸೇಸಮ್ಮನಿಗೆ ಫೋನು ಮಾಡಿ, “ಅಕ್ಕತಂಗಿಯರ ಹಾಗೆ ಉಂಟು. ನೀನು ಚಹಾಕ್ಕೆ ನೀರಿಡು,” ಎಂದ.

ಫೋನು ಜೇಬಿಗಿಟ್ಟು ನೋಡುವಾಗ ಆಡುಗಳು ರಸ್ತೆಗಿಳಿದಿದ್ದವು. ಮುಂದೆ ಕಪ್ಪು ಆಡು, ಅದರ ಬಾಲಕ್ಕೆ ಮೂಗು ತಾಗಿಸಿಕೊಂಡು ಬೊಳ್ಳಿ, ಹಿಂದೆ ಮೂರು. ಸಾಲೇನೋ ಚೆಂದವಿತ್ತು, ದಿಕ್ಕು ಮಾತ್ರ ತೋಡಾರಿನದ್ದಲ್ಲ. ಗುರುವಪ್ಪ ಬಸ್ಸು ನಿಲ್ಲಿಸುವ ಹಾಗೆ “ಹೋಲ್ಡಾನ್, ಹೋಲ್ಡಾನ್,” ಎಂದು ಕೂಗುತ್ತಾ ಲುಂಗಿ ಎತ್ತಿಕೊಂಡು ಹಿಂದಿನಿಂದ ಓಡಿದ.

ಕತ್ತಲಾಗುವ ಹೊತ್ತಿಗೆ ಸೇಸಮ್ಮನೇ ಫೋನು ಮಾಡಿದಳು. “ಚಹಾ ಎರಡು ಸಲ ಬಿಸಿ ಮಾಡಿ ಆಯ್ತು. ಐದೂ ಒಟ್ಟಿಗೆ ಉಂಟಲ್ಲ?”

“ಒಟ್ಟಿಗೇ ಉಂಟು,” ಎಂದ ಗುರುವಪ್ಪ ಏದುಸಿರು ಬಿಡುತ್ತಾ. “ಒಂದೇ ಹಟ್ಟಿಯಲ್ಲಿ ಮಲಗಿವೆ. ಒಂದನ್ನು ಎಳೆದ್ರೆ ಐದೂ ಕೂಗ್ತವೆ. ಯಾವುದೂ ಏಳುವುದಿಲ್ಲ.”

“ಹಾಗಾದ್ರೆ ನೀವು ಗೆದ್ರಿ. ಆದ್ರೆ ಇಲ್ಲಿ ಹಟ್ಟಿ ಖಾಲಿ ಉಂಟಲ್ಲ?”

“ಅಶ್ರಫನ ಹಟ್ಟಿಯಲ್ಲಿ,” ಎಂದ ಗುರುವಪ್ಪ.

ಆ ಕಡೆ ಚಹಾದ ಒಲೆ ಆರಿಸಿದ ಸದ್ದು ಕೇಳಿಸಿತು.

“ವಾಪಸ್ ಕೊಡ್ಲಿಕ್ಕೆ ನಾನು ಹೇಳಿದ್ದು ಒಂದನ್ನು,” ಎಂದಳು ಸೇಸಮ್ಮ.