ಬಣ್ಣ ಬರಬಾರದ ಮೀನು

ಭಾನುವಾರ ಇಡೀ ದಿನ ಲ್ಯಾಬಿನಲ್ಲಿ ಕರೆಂಟಿರುವುದಿಲ್ಲ ಎಂದು ಗೊತ್ತಾದದ್ದು ಶನಿವಾರ ಸಂಜೆ. ಜನರೇಟರು ಆಗಲೇ ಕೈಕೊಟ್ಟಿತ್ತು; ತೊಟ್ಟಿಗೆ ಗಾಳಿಯೂದುವ ಪಂಪು ನಿಂತರೆ ಮೀನು ಉಳಿಯುವುದಿಲ್ಲ. ಪಿಎಚ್‌ಡಿಯಲ್ಲಿ ಅರ್ಧ ಯೌವನ ಸವೆಸಿದ್ದ ಸುಮೇಧ, ಯಾರನ್ನೂ ಕೇಳದೆ ತನ್ನ ಆರು ಜೀಬ್ರಾ ಮೀನುಗಳನ್ನು ಗಾಜಿನ ಡಬ್ಬಿಗೆ ತುಂಬಿಕೊಂಡು, ಕೂಸಿನಂತೆ ಸ್ವೆಟರಿನೊಳಗೆ ಅವಚಿಕೊಂಡು, ಬಸ್ಸು ಹತ್ತಿ ಹೊಸಕೆರೆಹಳ್ಳಿಯ ಬಾಡಿಗೆ ರೂಮಿಗೆ ಬಂದ. ಲ್ಯಾಬಿನ ಮೀನು ಗೇಟು ದಾಟಿದರೆ ದಾಟಿಸಿದವನೂ ಗೇಟಿನಾಚೆಯೇ ಉಳಿಯಬೇಕೆಂಬುದು ಅಲ್ಲಿನ ನಿಯಮ. ಆದರೆ ಅವನಿಗಿದ್ದ ಮೀನು ಅಷ್ಟೇ.

ನೋಡಲು ಬೆರಳುದ್ದದ ಸಾದಾ ಪಟ್ಟೆ ಮೀನುಗಳು. ಪ್ಲಾಸ್ಮಿಡ್ ಎಂಬ ಬಳೆಯಾಕಾರದ ಡಿಎನ್ಎಯನ್ನು ಮೂರು ವರ್ಷ ತೇಪೆ ಹಾಕಿ ಜೋಡಿಸಿ, ಇವು ಮೊಟ್ಟೆಯಾಗಿದ್ದಾಗಲೇ ಚುಚ್ಚಿ ಸೇರಿಸಿದ್ದ. ಅದರಲ್ಲೊಂದು ಕೆಂಪು ಬಣ್ಣದ ಜೀನು, ಅದಕ್ಕೊಂದು ಅಡ್ಡಗೋಡೆ, ಪಕ್ಕದಲ್ಲೇ ನಿದ್ದೆ ಹೊಡೆಯುವ ಕತ್ತರಿ. ನೀರು ಬಿಸಿಯಾದರೆ ಕತ್ತರಿ ಎದ್ದು ಗೋಡೆಯನ್ನು ಕತ್ತರಿಸಬೇಕು. ಮರುದಿನಕ್ಕೆ ಮೀನು ಕೆಂಪಾಗಬೇಕು. ಒಮ್ಮೆ ಕೆಂಪಾದರೆ ಆಯಿತು, ಮತ್ತೆ ಹಿಂದಕ್ಕಿಲ್ಲ. ಸೋಮವಾರ ಪ್ರೊಫೆಸರ್ ಗುರುಬಸಪ್ಪನವರು ಪರೀಕ್ಷಕರ ಎದುರಿಗೇ ನೀರು ಬಿಸಿ ಮಾಡಿಸುವವರಿದ್ದರು. ಅಲ್ಲಿಯತನಕ ಮೀನುಗಳಿಗೆ ಬಿಸಿ ತಾಕುವಂತಿಲ್ಲ.

ಭಾನುವಾರ ಬೆಳಗ್ಗೆ ಮಹಡಿಯ ಕಟ್ಟೆಯ ಮೇಲೆ ಡಬ್ಬಿ ಕಂಡದ್ದೇ, ಪಕ್ಕದ ಮಹಡಿಯಿಂದ ನಿವೃತ್ತ ರಾಮಪ್ರಸಾದರು ಕೊಕ್ಕರೆಯಂತೆ ಕತ್ತು ಚಾಚಿದರು.

“ಜೀಬ್ರಾ ಅಲ್ವೇನ್ರೀ? ನಮ್ಮನೆ ಹಾಲ್‌ನಲ್ಲಿರೋ ತೊಟ್ಟೀಲೂ ಇವೇ ಇದಾವೆ. ನಿಮ್ಮವು ಸಪ್ಪಗಿದಾವೆ ಪಾಪ. ಬಿಸಿಲಿಗಿಡಿ, ಬಣ್ಣ ಬರತ್ತೆ.”

“ಬೇಡ ಅಂಕಲ್. ಬಣ್ಣ ಬರಬಾರದು.”

“ಬಣ್ಣ ಬೇಡ ಅನ್ನೋರು ಮೀನ್ಯಾಕ್ರೀ ಸಾಕ್ಬೇಕು?”

ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಚೂಡಾಮಣಿ ಟೇಬಲ್ ಲ್ಯಾಂಪ್ ಹಿಡಿದು ಬಂದರು. “ಜನವರಿ ಚಳಿ ಕಣಪ್ಪ, ಅವಕ್ಕೂ ಜೀವ ಅಲ್ವಾ? ಇದನ್ನ ಹಚ್ಚಿಡು.” ಅವರನ್ನು ಬಾಗಿಲತನಕ ಬಿಟ್ಟು ಬರುವಷ್ಟರಲ್ಲಿ ರಾಮಪ್ರಸಾದರು ಆಚೆಯಿಂದಲೇ ಊರುಗೋಲು ಚಾಚಿ ಡಬ್ಬಿಯನ್ನು ಬಿಸಿಲಿಗೆ ತಳ್ಳಿದ್ದರು. ಸುಮೇಧ ಓಡಿಬಂದು, ಒಣಹಾಕಿದ್ದ ಸಂಡಿಗೆಯ ಮೇಲೆ ಜಾರಿ, ಕೆಳಗೆ ಬೀಳಲಿದ್ದ ಡಬ್ಬಿಯನ್ನು ಎದೆಗೊತ್ತಿಕೊಂಡ.

“ಸಂಡಿಗೆ ತುಳಿದ್ರಲ್ರೀ,” ಎಂದರು ರಾಮಪ್ರಸಾದರು.

ಇಡೀ ಬೀದಿಯಲ್ಲಿ ಸಲಹೆ ಕೊಡದೆ ಉಳಿದವರು ಕೆಳಗಿನ ಮನೆಯ ಓನರ್ ಸೊಣ್ಣಮ್ಮ ಒಬ್ಬರೇ. ಸಾಕಾಗಿ ಹೋಗಿದ್ದ ಸುಮೇಧ ಮಧ್ಯಾಹ್ನ ಡಬ್ಬಿಯನ್ನು ಅವರ ಕೈಗಿತ್ತ.

“ಅಜ್ಜಿ, ನಾಳೆವರೆಗೂ ನಿಮ್ಮ ಹತ್ರ ಇರ್ಲಿ. ಬಿಸಿಲು ಬೇಡ, ಲೈಟು ಬೇಡ.”

“ನಂಗ್ಬುಡು ಕಣಪ್ಪ. ದನಾನೇ ಸಾಕಿವ್ನಿ, ಇದ್ಯಾವ ಲೆಕ್ಕ.”

ಮಲಗಿದವನು ಬೆಳಗಿನತನಕ ಕೊರಡಿನಂತೆ ಬಿದ್ದುಕೊಂಡಿದ್ದ. ಎದ್ದು ಕೆಳಗೆ ಹೋದರೆ ಆರೂ ಮೀನು ಚುರುಕಾಗಿ ಈಜುತ್ತಿದ್ದವು, ಪಟ್ಟೆ ಮಾಸಿರಲಿಲ್ಲ. ಸೊಣ್ಣಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

ಸೋಮವಾರ ಪರೀಕ್ಷಕರ ಎದುರು ನೀರು ಬಿಸಿಯಾಯಿತು. ಮಂಗಳವಾರ ಎಲ್ಲರೂ ಬಗ್ಗಿ ನೋಡಿದರು. ಕೆಂಪಾಗಿದ್ದದ್ದು ಗುರುಬಸಪ್ಪನವರ ಮುಖ ಮಾತ್ರ.

“ಬಳೆ ಮತ್ತೆ ಮೊದಲಿಂದ ಕಟ್ಟಪ್ಪ,” ಎಂದರು.

ಸಂಜೆ ಕಾಲೆಳೆದುಕೊಂಡು ಬಂದವನನ್ನು ಸೊಣ್ಣಮ್ಮ ಜಗಲಿಯಲ್ಲೇ ತಡೆದರು. “ಯಾಕಪ್ಪ, ಮೀನು ಸತ್ವಾ?”

“ಇಲ್ಲ ಅಜ್ಜಿ. ಕೆಂಪಾಗ್ಲಿಲ್ಲ.”

ಸೊಣ್ಣಮ್ಮ ಸೆರಗಿನ ತುದಿ ಹಿಂಡಿದರು. “ಕೆಂಪಾಗ್ಬೇಕಾಗಿತ್ತಾ? ಅವತ್ತು ಸಂಜೆ ಚಳಿಗೆ ಅಲ್ಲಾಡ್ದೆ ನಿಂತಿದ್ವು ಅಂತ ಹಂಡೆ ನೀರು ಒಂದು ಚೊಂಬು ಬೆರಸ್ದೆ ಕಣಪ್ಪ. ಬೆಳಗ್ಗೆ ನೋಡಿದ್ರೆ ಹಣ್ಣು ಮೆಣಸಿನಕಾಯಿ ಹಂಗೆ ಕೆಂಪಗಾಗವೆ. ನೀನು ನೊಂದ್ಕತೀಯ ಅಂತ ರಾಮಪ್ರಸಾದಪ್ಪನೋರಿಗೆ ಆ ಕೆಂಪು ಮೀನ ಕೊಟ್ಟು, ಅವರ್ತಾವ ಒಳ್ಳೇವು ಆರು ಈಸ್ಕಂಡೆ.”

ಪಕ್ಕದ ಮನೆಯ ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯಲ್ಲಿ ಸುಮೇಧನ ಮೂರು ವರ್ಷ ಕೆಂಪಗೆ ಹೊಳೆಯುತ್ತ ಸುತ್ತು ಹಾಕುತ್ತಿತ್ತು. ಲ್ಯಾಬಿಗೆ ಒಯ್ದರೆ, ಇವು ಇಲ್ಲಿಗೆ ಹೇಗೆ ಬಂದವೆಂದು ಮೊದಲು ಹೇಳಬೇಕು. ಹೇಳಿದರೆ ಗೇಟು.

“ಬನ್ರೀ,” ಎಂದರು ರಾಮಪ್ರಸಾದರು. “ಅವತ್ತು ನಾನು ಬಿಸಿಲಿಗೆ ತಳ್ಳಿದ್ದಕ್ಕೆ ಬಣ್ಣ ಹೇಗೆ ಬಂದಿದೆ ನೋಡಿ. ಓದಿದೋರು ನೀವು, ಹೇಳಿದ್ರೆ ಕೇಳಲ್ಲ. ಕೂತ್ಕೊಳ್ಳಿ, ಹೇಗೆ ಅಂತ ವಿವರವಾಗಿ ಹೇಳ್ಕೊಡ್ತೀನಿ.”

ಸುಮೇಧ ಕೂತ.