ಹನ್ನೊಂದು ತಿಂಗಳಿಗೊಂದು ಅಗ್ರಿಮೆಂಟು

ಮೂವತ್ತು ವರ್ಷದಿಂದ ಬಾಡಿಗೆ ಮನೇಲೇ ಇದ್ದೀನಿ. ಹನ್ನೊಂದು ತಿಂಗಳಿಗೊಂದು ಸಲ ಅಗ್ರಿಮೆಂಟು ಮುಗೀತದೆ, ಮುಗಿದಾಗೆಲ್ಲ ಏನಾದ್ರೂ ಒಂದು ನಡೀತದೆ. ಆದ್ರೆ ನನ್ನ ಬಾಡಿಗೆ ಒಂದು ರೂಪಾಯಿ ಏರಿಸಿದ ಓನರ್ ಇನ್ನೂ ಹುಟ್ಟಿಲ್ಲ. ಯಾರನ್ನ ಬೇಕಾದ್ರೂ ಕೇಳಿ ಅನ್ನೋಣ ಅಂದ್ರೆ, ಹಳೇ ಓನರ್ ಹೋಗ್ಬುಟ್ಟ, ಸಾಕ್ಷಿಗಿದ್ದ ನನ್ನ ಹೆಂಡ್ತೀನೂ ಹೋದ್ಲು.

ಹೊಳೆಗೆ ತೋರಿಸಿದ ಪೇಪರು

ಆಗ ನರಸೀಪುರದಲ್ಲಿ, ಹೊಳೆ ಪಕ್ಕದ ಮನೆ. ಅಗ್ರಿಮೆಂಟು ಮುಗಿಯೋಕೆ ಎಂಟು ದಿನ ಇತ್ತು, ಓನರ್ ಬಾಡಿಗೆ ಏರಿಸ್ತೀನಿ ಅಂತ ಕೂತಿದ್ದ. ಅವತ್ತೇ ಹೊಳೆ ಉಕ್ಕಿ ಮೂರನೇ ಮೆಟ್ಲಿಗೆ ಬಂತು. ನಾನು ಅಗ್ರಿಮೆಂಟು ಪೇಪರ್ ತಂದು ಹೊಳೆಗೆ ತೋರಿಸಿದೆ. "ನೋಡು ತಾಯಿ, ಇನ್ನೂ ಎಂಟು ದಿನ ಮನೆ ನಂದೇ. ಆಮೇಲೆ ಬಾ." ನೀರು ಹಂಗೇ ವಾಪಸ್ ಹೋಯ್ತು. ನಾವು ಸಾಮಾನು ಕಟ್ಕೊಂಡು ನಂಜನಗೂಡಿಗೆ ಬಂದ್ವಿ. ಒಂಬತ್ತನೇ ದಿನ ಓನರ್ ಮನೆ ಮಾಡಿನ ಮೇಲೆ ಕೂತ್ಕೊಂಡು ಕೂಗ್ತಿದ್ನಂತೆ, ಆ ಪೇಪರ್ ತಕ್ಕೊಂಡು ಬನ್ರಪ್ಪ ಅಂತ.

ಫ್ರಿಜ್ಜಿನ ದೇವರು

ನಂಜನಗೂಡಿನ ಓನರ್ ಇರೋದು ಮೈಸೂರಲ್ಲಿ. ಅಗ್ರಿಮೆಂಟಿಗೆ ಮಾತ್ರ ಬರೋನು. ಮನೇಲಿ ಹೊಸ ಸಾಮಾನು ಕಂಡ್ರೆ ಬಾಡಿಗೆ ಏರ್ತು ಅಂತಲೇ ಲೆಕ್ಕ. ಆ ವರ್ಷ ನನ್ನವಳು ಚೀಟಿ ಎತ್ತಿ ಫ್ರಿಜ್ಜು ತಂದಿದ್ಲು. ಅವನು ಬರೋ ಹೊತ್ಗೆ ಅದಕ್ಕೆ ತನ್ನ ಮದುವೆ ಸೀರೆ ಉಡಿಸಿ, ಮೇಲೊಂದು ದೇವರ ಫೋಟೋ ಇಟ್ಟು, ಹೂವ ಮುಡಿಸಿಬುಟ್ಲು. ಅವನು ಚಪ್ಪಲಿ ಬಿಟ್ಟು ಕೈ ಮುಗಿದ. ಮುಗೀತಿದ್ದಂಗೆ ಮೋಟರು ಗುರ್ರ್ ಅಂತು.

"ಏನಮ್ಮ ಅದು?"

"ಮನೆದೇವ್ರು ಸಾ. ಬಾಡಿಗೆ ಮಾತು ಅಂದ್ರೆ ಸೇರಾಕಿಲ್ಲ."

ಬೆವೆತುಹೋದ. ಕುಡಿಯೋಕೆ ನೀರು ಕೊಟ್ಲು. ಇಷ್ಟೊಂದು ತಣ್ಣಗದೆಯಲ್ಲ ಅಂದ. "ತೀರ್ಥ ಸಾ" ಅಂದ್ಲು.

ನಾನು ಕಥೆ ಕಟ್ಟೋದು ಕಲ್ತಿದ್ದೇ ಅವಳ ಹತ್ರ.

ಈ ಸಲದ್ದು

ಅದೇ ನಂಜನಗೂಡಿನ ಮನೇಲೇ ಇದ್ದೀನಿ, ಅವಳು ಹೋಗಿ ನಾಲ್ಕು ವರ್ಷ. ಈಗ ಫ್ರಿಜ್ಜಿಗೆ ಸೀರೆ ಉಡಿಸೋರಿಲ್ಲ. ಅಡುಗೆಮನೆ ಹಿಂದೆ ಅವಳು ನೆಟ್ಟ ಕರಿಬೇವು ಸೂರು ದಾಟಿ ಬೆಳೆದದೆ. ಗಾಳಿ ಬೀಸಿದ್ರೆ ಕಿಟಕೀಲಿ ವಾಸನೆ ಬತ್ತದೆ, ಒಗ್ಗರಣೆ ಹಾಕಿದ್ಲೇನೋ ಅಂತ ಇವತ್ತಿಗೂ ತಿರುಗಿ ನೋಡ್ತೀನಿ. ಓನರ್‌ಗೆ ಅದನ್ನ ಕಡಿದು, ಮೈಸೂರಿಂದ ಬಂದಾಗ ಕಾರು ನಿಲ್ಲಿಸೋಕೆ ಶೆಡ್ಡು ಹಾಕೋ ಆಸೆ.

ಇದನ್ನೆಲ್ಲ ನಾನು ಹೇಳ್ತಿದ್ದಿದ್ದು ತಾಲ್ಲೂಕಾಫೀಸು ಪಕ್ಕದ ಟೈಪಿಂಗ್ ಅಂಗಡೀಲಿ. ಅಂಗಡಿ ಮೇಡಮ್ಮ ಈ ಸಲದ ಅಗ್ರಿಮೆಂಟು ಕುಟ್ತಿದ್ರು. ಕಾಯ್ತಿದ್ದ ನಾಕು ಜನ ನಗ್ತಾ ಕೇಳ್ತಿದ್ರು. ನನಗೂ ಉಮೇದು ಬಂತು. ಈ ಸಲಾನೂ ಓನರ್‌ಗೆ ನನ್ನ ಮುಂದೆ ಬಾಯಿ ಬರಲಿಲ್ಲ, ಬಾಡಿಗೆ ಇದ್ದಂಗೇ ಅದೆ ಅಂದೆ.

ಮೇಡಮ್ಮ ಕೈ ನಿಲ್ಲಿಸಿದ್ರು.

"ಮತ್ತಿದೇನು ತಾತ? ತಿಂಗಳಿಗೆ ಐನೂರು ಜಾಸ್ತಿ ಕೊಡ್ತೀನಿ, ಕರಿಬೇವಿನ ಮರ ಕಡಿಯೋ ಹಂಗಿಲ್ಲ ಅಂತ ನೀವೇ ಬರೆಸಿದ್ದೀರಿ. ಹೋದ ಸಲಾನೂ ಇದೇ ಬರೆಸಿದ್ರಿ."

ನಾಕೂ ಜನ ನನ್ನ ಕಡೆ ತಿರುಗಿದ್ರು. ಟವೆಲ್ಲು ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡೆ.

"ಅದು ಮರದ ಬಾಡಿಗೆ ಕಣವ್ವ. ಮನೇದು ಏರಿಲ್ಲ."